ಒದ್ದೆ ಕೊಡೆ ಎಲ್ಲಿಡಲಿ? ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ಒಂದು ಸ್ಟುಡಿಯೋ ಪ್ರಾಜೆಕ್ಟಿನ ಕೈಪಿಡಿ

ಮೂರನೇ ಸೆಮಿಸ್ಟರಿನಲ್ಲಿ ನಮಗೆ ಕೊಟ್ಟ ವಿಷಯ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಗೆ ಗ್ರಂಥಾಲಯ. ನಾನು ಎರಡು ವಾರ ‘ಕಾನ್ಸೆಪ್ಟ್’ ಹುಡುಕಿದೆ. ಕೊನೆಗೆ ಸಿಕ್ಕಿದ್ದು ತೆರೆದಿಟ್ಟ ಪುಸ್ತಕ. ಚಾವಣಿಯ ಎರಡು ಪಕ್ಕಗಳು ಎರಡು ಪುಟಗಳಂತೆ ಮೇಲಕ್ಕೆ ಚಾಚಿದ್ದವು, ನಡುವೆ ಮಡಿಕೆ. ಮಾಡೆಲ್ ನೋಡಲು ಚೆನ್ನಾಗಿಯೇ ಇತ್ತು. ವಿದ್ಯಾರ್ಥಿಗಳ ಕೆಲಸ ನೋಡಿ ಟೀಕಿಸುವ ಜ್ಯೂರಿಗೆ ಹೊರಗಿನಿಂದ ಬಂದಿದ್ದ ಹಿರಿಯ ಆರ್ಕಿಟೆಕ್ಟ್ ಒಬ್ಬರು ಅದನ್ನು ಕೈಗೆತ್ತಿಕೊಂಡು, “ಜುಲೈ ತಿಂಗಳು. ನಾನು ಪೇಪರ್ ಓದಲು ಬಂದಿದ್ದೇನೆ. ಒದ್ದೆ ಕೊಡೆ ಎಲ್ಲಿಡಲಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ನೀರಿನ ಬಾಟಲಿಯ ಮುಚ್ಚಳದಲ್ಲಿ ಒಂದಿಷ್ಟು ನೀರು ತೆಗೆದುಕೊಂಡು ಚಾವಣಿಯ ಮಡಿಕೆಗೆ ಸುರಿದರು. ಮೌಂಟ್ ಬೋರ್ಡ್ ರಟ್ಟು ನೆನೆದು, ನಾನು ಪುಟ್ಟ ಕಪಾಟುಗಳನ್ನು ಅಂಟಿಸಿದ್ದ ಜಾಗಕ್ಕೇ ನೀರು ತೊಟ್ಟಿಕ್ಕಿತು.

ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆ ಇರುವುದು ಅದೇ ತಾಲ್ಲೂಕಿನಲ್ಲಿ. ಅಲ್ಲಿ ನಾನು ನೀರನ್ನು ಕಟ್ಟಡದ ನಡುಮಧ್ಯಕ್ಕೆ ಕರೆತಂದು ಪುಸ್ತಕಗಳ ನೆತ್ತಿಯ ಮೇಲೆ ನಿಲ್ಲಿಸಿದ್ದೆ.

ಈಗ ನಾನೇ ಆಗಾಗ ಜ್ಯೂರಿಯ ಕುರ್ಚಿಯಲ್ಲಿ ಕೂರುತ್ತೇನೆ. ತೆರೆದ ಪುಸ್ತಕ ಇನ್ನೂ ಬರುತ್ತಲೇ ಇದೆ. ಜೊತೆಗೆ ಸಂಗೀತ ಶಾಲೆಗೆ ವೀಣೆ, ಆಸ್ಪತ್ರೆಗೆ ಅಂಗೈ, ಯಾವುದಕ್ಕೂ ಹೊಂದದಿದ್ದರೆ ಕಮಲ. ಈ ಬರಹ ಬಿ.ಆರ್ಕ್.ನ ಮೊದಲ ಎರಡು ಮೂರು ವರ್ಷಗಳಲ್ಲಿ ಇರುವವರಿಗೆ. ಅದೇ ಗ್ರಂಥಾಲಯವನ್ನು ಇಂದು ನನಗೆ ಕೊಟ್ಟರೆ ಯಾವ ಕ್ರಮದಲ್ಲಿ ಕೆಲಸ ಮಾಡುತ್ತಿದ್ದೆ ಎಂಬುದನ್ನು ಹೇಳುತ್ತೇನೆ. ಎಂಟು ವಾರಗಳ ಪ್ರಾಜೆಕ್ಟ್ ಎಂದಿಟ್ಟುಕೊಳ್ಳಿ.

1. ಕೊಟ್ಟ ಪಟ್ಟಿಯಲ್ಲಿ ಮನುಷ್ಯರನ್ನು ಹುಡುಕಿ

ಮೇಷ್ಟರು ಕೊಡುವ ಹಾಳೆಯಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: 150 ಚದರ ಮೀಟರ್, 5000 ಪುಸ್ತಕ, 30 ಓದುಗರು, ಮಕ್ಕಳ ಮೂಲೆ, ಎರಡು ಕಂಪ್ಯೂಟರ್, ಶೌಚಾಲಯ. ಇದನ್ನು ನೋಡಿದ ಕೂಡಲೇ ಕೋಣೆಗೊಂದರಂತೆ ಗುಳ್ಳೆಗಳನ್ನು ಬರೆದು ಗೆರೆಯಿಂದ ಜೋಡಿಸಲು ಕೂರಬೇಡಿ. ಮೊದಲು ಒಂದು ದಿನದ ಕಥೆ ಬರೆಯಿರಿ. ಬೆಳಿಗ್ಗೆ ಪತ್ರಿಕೆಗಾಗಿ ಬರುವ ನಾಲ್ಕು ಮಂದಿ ಹಿರಿಯರು ಯಾರು, ಅವರು ಓದುತ್ತಾರೋ ಮಾತಾಡುತ್ತಾರೋ? ಶಾಲೆ ಬಿಟ್ಟ ಮೇಲೆ ಬಸ್ಸು ಬರುವವರೆಗೆ ಮಕ್ಕಳು ಎಲ್ಲಿರುತ್ತಾರೆ? ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಹುಡುಗಿಗೆ ಸಂಜೆ ಏಳರವರೆಗೆ ಕೂರಲು ಧೈರ್ಯ ಬರುವ ಜಾಗ ಯಾವುದು?

ಬರೆಯುವಾಗ ಒಂದು ಸಂಗತಿ ಹೊಳೆಯುತ್ತದೆ: ಇಂಥ ಕಡೆ ಕೆಲಸಕ್ಕಿರುವುದು ಒಬ್ಬರೇ. ಅವರು ಕುರ್ಚಿಯಿಂದ ಏಳದೆ ಬಾಗಿಲು, ಮಕ್ಕಳ ಮೂಲೆ, ಕಂಪ್ಯೂಟರ್ ಮೂರನ್ನೂ ನೋಡುವಂತಿರಬೇಕು. ಈ ಒಂದು ವಾಕ್ಯ ನಿಮ್ಮ ಪ್ಲ್ಯಾನಿನ, ಅಂದರೆ ಮೇಲಿನಿಂದ ನೋಡಿದಂತೆ ಬರೆಯುವ ನಕ್ಷೆಯ, ಅರ್ಧವನ್ನು ತೀರ್ಮಾನಿಸಿಬಿಡುತ್ತದೆ. ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರಿದೆ. ನಿಮ್ಮ ಹತ್ತಿರದ ಒಂದಕ್ಕೆ ಹೋಗಿ, ಫೋಟೊ ತೆಗೆಯದೆ, ಒಂದು ಗಂಟೆ ಸುಮ್ಮನೆ ಕೂತು ಬನ್ನಿ.

ಆಮೇಲೆ ಲೆಕ್ಕ. 5000 ಪುಸ್ತಕ ಎಂದರೆ ಎಷ್ಟು ಜಾಗ? ನಿಮ್ಮ ಮನೆಯ ಪುಸ್ತಕಗಳನ್ನು ಟೇಪಿನಿಂದ ಅಳೆಯಿರಿ. ಒಂದು ಮೀಟರ್ ಹಲಗೆಗೆ 30 ಪುಸ್ತಕ ಎಂದು ಹಿಡಿದರೆ ಸುಮಾರು 167 ಮೀಟರ್ ಹಲಗೆ ಬೇಕು. 90 ಸೆಂ.ಮೀ. ಅಗಲ, ಆರು ಹಲಗೆಗಳ ಒಂದು ಕಪಾಟಿನಲ್ಲಿ 5.4 ಮೀಟರ್ ಸಿಗುತ್ತದೆ. ಅಂದರೆ 31 ಕಪಾಟು. ನಾನು ತೆರೆದ ಪುಸ್ತಕದೊಳಗೆ ಅಂಟಿಸಿದ್ದು ಒಂಬತ್ತು.

ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಕೊನೆಯದು, ಗ್ರಂಥಾಲಯವೆಂದರೆ ಬೆಳೆಯುತ್ತಲೇ ಇರುವ ಜೀವಿ ಎಂಬುದು. ಹಾಗಾಗಿ 31 ಕಪಾಟು ಇಟ್ಟ ಮೇಲೆ ಮುಂದಿನ ಹತ್ತನ್ನು ಎಲ್ಲಿಡುತ್ತೀರಿ ಎಂಬುದನ್ನೂ ಗುರುತು ಹಾಕಿಕೊಳ್ಳಿ.

2. ಜಾಗಕ್ಕೆ ಎರಡು ಸಲ ಹೋಗಿ

ಮೊದಲ ಸಲ ಇಡೀ ತರಗತಿಯ ಜೊತೆ ಹೋಗುತ್ತೀರಿ. ಆವತ್ತು ಆಗುವುದು ಬಸ್ಸಿನಲ್ಲಿ ಅಂತ್ಯಾಕ್ಷರಿ, ಊಟ ಮತ್ತು ಇನ್ನೂರು ಫೋಟೊ. ಎರಡನೇ ಸಲ ಇಬ್ಬರೇ ಹೋಗಿ. 30 ಮೀಟರ್ ಟೇಪು, ದಿಕ್ಸೂಚಿ, ಪೆನ್ಸಿಲ್, ರಟ್ಟಿಗೆ ಸಿಕ್ಕಿಸಿದ ಹಾಳೆ, ಜೊತೆಗೆ ಹತ್ತಿರದ ಅಂಗಡಿಯಿಂದ ಹದಿನೈದು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಪೈಪು.

ಈ ಪೈಪು ಯಾಕೆ ಎಂದು ಯಾವ ಮೇಸ್ತ್ರಿಯನ್ನಾದರೂ ಕೇಳಿ. ಪೈಪಿಗೆ ನೀರು ತುಂಬಿ, ಗುಳ್ಳೆ ಉಳಿಯದಂತೆ ನೋಡಿಕೊಂಡು, ಒಬ್ಬರು ಒಂದು ತುದಿಯನ್ನೂ ಇನ್ನೊಬ್ಬರು ಇನ್ನೊಂದು ತುದಿಯನ್ನೂ ಹಿಡಿದು ನಿಂತರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಲ್ಲಿಂದ ನೆಲದವರೆಗೆ ಎರಡೂ ಕಡೆ ಅಳೆದು ಕಳೆದರೆ ನೆಲ ಎಷ್ಟು ಇಳಿದಿದೆ ಎಂಬುದು ಗೊತ್ತಾಗುತ್ತದೆ. ಸರ್ವೆ ಇಲಾಖೆಯ 1:50,000 ನಕ್ಷೆಯಲ್ಲಿ ಸಮೋನ್ನತ ರೇಖೆಗಳ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳ, ನಡುವಿನ ಎತ್ತರದ ಅಂತರ 20 ಮೀಟರ್. ನಿಮ್ಮ ಪುಟ್ಟ ನಿವೇಶನ ಎರಡು ರೇಖೆಗಳ ನಡುವೆ ಎಲ್ಲೋ ಕಳೆದುಹೋಗಿರುತ್ತದೆ. ಪೈಪು ಸುಳ್ಳು ಹೇಳುವುದಿಲ್ಲ.

ನಮ್ಮ ನಿವೇಶನ ದಕ್ಷಿಣಕ್ಕೆ, ರಸ್ತೆಯ ಕಡೆಗೆ, 20 ಮೀಟರಿನಲ್ಲಿ 1.2 ಮೀಟರ್ ಇಳಿಯುತ್ತಿತ್ತು. ಇದರ ಅರ್ಥ ನೋಡಿ. ಇಳಿಜಾರಿನ ಉದ್ದಕ್ಕೆ 12 ಮೀಟರ್ ಆಳದ ಕಟ್ಟಡ ಕೂರಿಸಿದರೆ ಮುಂದಿಗೂ ಹಿಂದಿಗೂ 72 ಸೆಂ.ಮೀ. ವ್ಯತ್ಯಾಸ, ಒಂದೋ ಅಗೆಯಬೇಕು, ಇಲ್ಲ ತುಂಬಬೇಕು. 6 ಮೀಟರ್ ಆಳಕ್ಕೆ 36 ಸೆಂ.ಮೀ. ಮಾತ್ರ, ಎರಡು ಮೂರು ಮೆಟ್ಟಿಲಿನಷ್ಟು. ಇಳಿಜಾರಿಗೆ ಅಡ್ಡಲಾಗಿ ಮಲಗಿದ ಉದ್ದನೆಯ, ಕಿರಿದಾದ ಕಟ್ಟಡ ಇಲ್ಲೇ ಹುಟ್ಟುತ್ತದೆ.

ಅಕ್ಕಪಕ್ಕದ ಮನೆಯವರನ್ನು ಮಾತಾಡಿಸದೆ ಬರಬೇಡಿ. ನಮಗೆ ಮಜ್ಜಿಗೆ ಕೊಟ್ಟ ಅಜ್ಜಿ, “ಆ ಮೂಲೆಯಲ್ಲಿ ಏನೂ ಕಟ್ಟಬೇಡಿ ಮಾರಾಯರೇ, ಮಳೆಗಾಲದಲ್ಲಿ ಒರತೆ ಒಡೆಯುತ್ತದೆ” ಎಂದಿದ್ದರು. ನಾನು ತಲೆಯಾಡಿಸಿ, ಅದೇ ಮೂಲೆಯಲ್ಲಿ ಮಕ್ಕಳ ಕೋಣೆ ಇಟ್ಟಿದ್ದೆ.

3. ಹಳೆಯ ಮನೆಯೊಂದನ್ನು ಅಳೆಯಿರಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರಾಜೆಕ್ಟಿನ ಅತ್ಯಂತ ಲಾಭದ ದಿನ ಇದು. ನಿವೇಶನದ ಎರಡು ಮೂರು ಕಿಲೋಮೀಟರ್ ಒಳಗೆ ಐವತ್ತು ವರ್ಷ ದಾಟಿದ ಹೆಂಚಿನ ಮನೆ ಹುಡುಕಿ, ಕೇಳಿಕೊಂಡು ಒಳಗೆ ಹೋಗಿ, ಎಲ್ಲವನ್ನೂ ಅಳೆಯಿರಿ: ಜಗಲಿಯ ಅಗಲ, ಕಟ್ಟೆಯ ಎತ್ತರ, ಕಂಬದಿಂದ ಕಂಬಕ್ಕಿರುವ ಅಂತರ, ಸೂರಿನ ಅಂಚು ನೆಲದಿಂದ ಎಷ್ಟು ಮೇಲಿದೆ, ಒಳಗೆ ಚಾವಣಿಯ ನೆತ್ತಿ ಎಷ್ಟು ಎತ್ತರದಲ್ಲಿದೆ.

ಎರಡು ಸಂಗತಿ ಗಮನಕ್ಕೆ ಬರುತ್ತವೆ. ಆ ಮನೆಗಳ ಅಳತೆ ಕೋಣೆಗಳಲ್ಲಿ ಅಲ್ಲ, ಅಂಕಣಗಳಲ್ಲಿ. ನಾಲ್ಕು ಕಂಬಗಳ ನಡುವಿನ ಜಾಗ ಒಂದು ಅಂಕಣ. ಮನೆ ಬೆಳೆಯುವುದು ಅಂಕಣ ಅಂಕಣವಾಗಿ. ಕಾಲೇಜಿನಲ್ಲಿ ‘ಗ್ರಿಡ್’ ಎಂದು ಹೊಸದಾಗಿ ಕಲಿಸುವುದನ್ನು ನಿಮ್ಮ ಮುತ್ತಜ್ಜನ ಬಡಗಿ ದಿನವೂ ಬಳಸುತ್ತಿದ್ದ. ಇನ್ನೊಂದು, ಒಳಗೆ ಹೋಗುವಾಗ ನೀವು ತಲೆ ತಗ್ಗಿಸಿರುತ್ತೀರಿ. ಸೂರು ಅಷ್ಟು ಕೆಳಗೆ ಇಳಿದಿರುವುದು ಹಿಂದಿನವರು ಕುಳ್ಳಗಿದ್ದರು ಎಂಬ ಕಾರಣಕ್ಕಲ್ಲ. ಕಾರಣ ಐದನೇ ಹೆಜ್ಜೆಯಲ್ಲಿ ಬರುತ್ತದೆ.

4. ಇನ್ನೊಬ್ಬರ ಕಟ್ಟಡದಿಂದ ಒಂದೇ ಒಂದು ವಿಷಯ ಕಲಿಯಿರಿ

ಕೇಸ್ ಸ್ಟಡಿ ಎಂದರೆ ಇಂಟರ್ನೆಟ್ಟಿನಿಂದ ಫಿನ್ಲೆಂಡಿನ ಗ್ರಂಥಾಲಯದ ಚಿತ್ರ ಇಳಿಸಿಕೊಂಡು ಹಾಳೆ ತುಂಬಿಸುವುದಲ್ಲ. ನಡೆದು ನೋಡಬಹುದಾದ ಕಟ್ಟಡ ಆರಿಸಿ, ಒಂದು ಪ್ರಶ್ನೆ ಹಿಡಿದು ಹೋಗಿ. ಬೆಂಗಳೂರಿನಲ್ಲಿದ್ದರೆ ಅನುಮತಿ ಪಡೆದು ಬಾಲಕೃಷ್ಣ ದೋಶಿಯವರು ವಿನ್ಯಾಸಗೊಳಿಸಿದ ಐಐಎಂ ನೋಡಿ ಬನ್ನಿ. ಬೂದು ಕಲ್ಲಿನ ಆ ಉದ್ದ ಕಾರಿಡಾರುಗಳು ಕೆಲವೆಡೆ ಪೂರ್ತಿ ಮುಚ್ಚಿವೆ, ಕೆಲವೆಡೆ ಮೇಲೆ ಬರೀ ತೊಲೆಗಳ ಸಾಲು, ಬಳ್ಳಿ, ಅದರ ಸಂದಿನಿಂದ ಬಿಸಿಲು. ತರಗತಿ ಬಿಟ್ಟ ಮೇಲೆ ಜನ ನಿಂತು ಮಾತಾಡುವುದು ಅಲ್ಲೇ. ಫತೇಪುರ್ ಸಿಕ್ರಿಯ ಅಂಗಳಗಳು ದೋಶಿಯವರಿಗೆ ಇದರಲ್ಲಿ ಸ್ಫೂರ್ತಿಯಾಗಿದ್ದವು.

ಅಲ್ಲಿಂದ ತರಬೇಕಾದದ್ದು ‘ದಾರಿಯೂ ಒಂದು ಕೋಣೆ’ ಎಂಬ ತಿಳಿವಳಿಕೆಯನ್ನು. ತೊಲೆಗಳ ಸಾಲನ್ನಲ್ಲ. ವರ್ಷಕ್ಕೆ ಸಾವಿರ ಮಿ.ಮೀ. ಆಸುಪಾಸು ಮಳೆಯ ಬೆಂಗಳೂರಿನಲ್ಲಿ ಅದು ಸೊಗಸು; ತೀರ್ಥಹಳ್ಳಿಯಲ್ಲಿ ಹಾಗೆ ಕಟ್ಟಿದರೆ ಕಾರಿಡಾರ್ ಹಳ್ಳವಾಗುತ್ತದೆ.

5. ಪ್ಲ್ಯಾನಿಗಿಂತ ಮೊದಲು ಸೆಕ್ಷನ್

ಈಗ ಬರೆಯಲು ಕೂರಿ. ಪ್ಲ್ಯಾನ್ ಬೇಡ. ಕಟ್ಟಡವನ್ನು ಕತ್ತರಿಸಿ ಒಳಗನ್ನು ತೋರಿಸುವ ಸೆಕ್ಷನ್ ಬರೆಯಿರಿ, 1:50 ಅಳತೆಯಲ್ಲಿ (ಹಾಳೆಯ ಒಂದು ಸೆಂ.ಮೀ. ಎಂದರೆ ನಿಜದ 50 ಸೆಂ.ಮೀ.), ಕೈಯಲ್ಲಿ. ಮಳೆಯೂ ಬಿಸಿಲೂ ಮನುಷ್ಯರೂ ಒಟ್ಟಿಗೆ ಕಾಣುವುದು ಅದೊಂದರಲ್ಲೇ.

6 ಮೀಟರ್ ಅಗಲ ಹಿಡಿಯಿರಿ. ಮಂಗಳೂರು ಹೆಂಚಿಗೆ 30 ಡಿಗ್ರಿ ಇಳಿಜಾರು ಕೊಟ್ಟರೆ ಚಾವಣಿಯ ನೆತ್ತಿ ಗೋಡೆಯ ತಲೆಗಿಂತ 1.7 ಮೀಟರ್ ಮೇಲೇರುತ್ತದೆ. ಅದೇ 12 ಮೀಟರ್ ಅಗಲವಾದರೆ ಸುಮಾರು 3.5 ಮೀಟರ್, ಕಟ್ಟಡಕ್ಕಿಂತ ಟೊಪ್ಪಿಗೆ ದೊಡ್ಡದು. ನೆಲದ ಇಳಿಜಾರು ಹೇಳಿದ್ದನ್ನೇ ಚಾವಣಿಯೂ ಹೇಳುತ್ತಿದೆ: ಕಿರಿದಾಗಿರಲಿ. 6ಕ್ಕೆ 25 ಮೀಟರ್, ಅಲ್ಲಿಗೆ ನಿಮ್ಮ 150 ಚದರ ಮೀಟರ್ ಆಯಿತು.

ಈಗ ದಕ್ಷಿಣಕ್ಕೆ, ರಸ್ತೆಯ ಕಡೆಗೆ, 1.5 ಮೀಟರ್ ಅಗಲದ ಜಗಲಿ ಬರೆಯಿರಿ. ಸೂರಿನ ಅಂಚು ಜಗಲಿಯ ನೆಲದಿಂದ 2.1 ಮೀಟರ್ ಎತ್ತರದಲ್ಲಿರಲಿ. ಸೂರಿನ ತುದಿಯಿಂದ 45 ಡಿಗ್ರಿಯಲ್ಲಿ ಒಳಕ್ಕೊಂದು ಗೆರೆ ಎಳೆಯಿರಿ. ಅದು ಗಾಳಿ ಹೊಡೆದಾಗಿನ ಎರಚಲು. ಸೂರು ಜಗಲಿಯ ಅಂಚಿಗೇ ಮುಗಿದರೆ ಗೆರೆ ಗೋಡೆಯನ್ನು 60 ಸೆಂ.ಮೀ. ಎತ್ತರದಲ್ಲಿ ಮುಟ್ಟುತ್ತದೆ. ಕಿಟಕಿ 75ರಿಂದ ಶುರುವಾದರೆ ಅದೇನೋ ಒಣಗಿರುತ್ತದೆ, ಆದರೆ ಜಗಲಿಯ ಮೇಲೆ ಕೂತವರು ಪೂರ್ತಿ ಒದ್ದೆ.

ಸೂರನ್ನು ಅದೇ ಎತ್ತರದಲ್ಲಿ ಇನ್ನೂ 60 ಸೆಂ.ಮೀ. ಹೊರಕ್ಕೆ ಚಾಚಿ. ಈಗ ಗೆರೆ ಗೋಡೆಯ ಬುಡಕ್ಕೆ ಬಂದು ಬೀಳುತ್ತದೆ. ಗೋಡೆಗೆ ತಾಗಿಸಿ 45 ಸೆಂ.ಮೀ. ಎತ್ತರ, ಅಷ್ಟೇ ಅಗಲದ ಕಟ್ಟೆ ಬರೆದರೆ ಗೆರೆ ಕಟ್ಟೆಯ ಅಂಚನ್ನು ಸವರಿಕೊಂಡು ಹೋಗುತ್ತದೆ. ಕೂತವರ ಮೊಣಕಾಲು ನೆನೆದೀತು, ಕೈಯಲ್ಲಿರುವ ಪತ್ರಿಕೆ ನೆನೆಯದು. ಆಷಾಢದ ಆ ನಾಲ್ಕು ವಾರಗಳಿಗೆ ಊರಿನವರೇ ಅಡಿಕೆ ಸೋಗೆಯ ತಟ್ಟಿ ಕಟ್ಟಿಕೊಳ್ಳುತ್ತಾರೆ. ಅದಕ್ಕೊಂದು ಅಡ್ಡಗಳ ಬಿಟ್ಟರೆ ಸಾಕು.

ಹಳೆಯ ಮನೆಯ ಸೂರು ತಲೆ ತಗ್ಗಿಸುವಷ್ಟು ಕೆಳಗಿದ್ದದ್ದು ಇದಕ್ಕೇ. ಸೂರು ತಗ್ಗಿದೆಯೆಂದು ಒಳಗೆ ಕುಗ್ಗಬೇಕಾಗಿಲ್ಲ. 2.1 ಮೀಟರಿನ ಅಂಚಿನಿಂದ ಹೊರಟ ಚಾವಣಿ ಗೋಡೆಯ ಹತ್ತಿರ ಬರುವಷ್ಟರಲ್ಲಿ 3.3 ಮೀಟರಿಗೇರಿರುತ್ತದೆ, ನೆತ್ತಿಯಲ್ಲಿ 5 ಮೀಟರ್. ಅಲ್ಲೊಂದು ಅಟ್ಟ ಹಿಡಿಸುತ್ತದೆ. ಮಕ್ಕಳಿಗೆ ಅಟ್ಟ ಕೊಟ್ಟರೆ ಬೇರೆ ಆಕರ್ಷಣೆ ಬೇಕಾಗಿಲ್ಲ. ಇಷ್ಟು ಚಾಚಿದ ಸೂರಿನಿಂದ ಒಳಗೆ ಕತ್ತಲೆಯಾಗುತ್ತದೆ ಎನ್ನುತ್ತೀರಾ? ಆಗುತ್ತದೆ. ಉತ್ತರದ ಇಳಿಜಾರಿನಲ್ಲಿ ಅಲ್ಲಲ್ಲಿ ಗಾಜಿನ ಹೆಂಚು ಹೊದಿಸಿ, ಗೋಡೆಯ ತಲೆಯಲ್ಲಿ ಎದುರುಬದುರಾಗಿ ಕಿಂಡಿ ಬಿಡಿ. ಕಿಂಡಿ ಬೆಳಕಿಗಿಂತ ಹೆಚ್ಚಾಗಿ ಗಾಳಿಗೆ ಬೇಕು. ಮಲೆನಾಡಿನಲ್ಲಿ ಪುಸ್ತಕಕ್ಕೆ ಗೆದ್ದಲಿನಷ್ಟೇ ಬೂಷ್ಟೂ ಶತ್ರು. ಕಪಾಟುಗಳ ಬೆನ್ನನ್ನು ಹೊರಗೋಡೆಗೆ ತಾಗಿಸಬೇಡಿ.

ಕೊಡೆಯ ಉತ್ತರವೂ ಇದೇ ಚಿತ್ರದಲ್ಲಿದೆ. ಜಗಲಿಯ ಹೊರ ಅಂಚಿನ ಕಂಬಗಳ ಸಾಲು ಹೇಗಿದ್ದರೂ ನೆನೆಯುತ್ತದೆ. ಅಲ್ಲಿ ಗೂಟಗಳಿರಲಿ, ನೆಲ ಹೊರಗಡೆಗೆ ಸ್ವಲ್ಪ ವಾಲಿರಲಿ. ಕೊಡೆ ಅಲ್ಲಿ ನೇತಾಡಿದರೆ ನೀರು ಅಂಗಳಕ್ಕೆ. ಚಪ್ಪಲಿ ಕಟ್ಟೆಯ ಕೆಳಗೆ. ಗಾಲಿಕುರ್ಚಿಯಲ್ಲಿ ಬರುವವರಿಗೆ 45 ಸೆಂ.ಮೀ. ಪಾಯದೆತ್ತರ ಏರಲು 1:12ರ ಇಳಿಜಾರಿನಲ್ಲಿ 5.4 ಮೀಟರ್ ಉದ್ದದ ದಾರಿ ಬೇಕು. ಅದನ್ನು ಕೊನೆಗೆ ಎಲ್ಲೋ ಅಂಟಿಸುವ ಬದಲು ಜಗಲಿಯ ಉದ್ದಕ್ಕೇ ಸೇರಿಸಿಬಿಡಿ.

ಬಿಸಿಲಿಗೆ ಒಂದು ಸುಲಭ ಲೆಕ್ಕ: 66.5ರಿಂದ ನಿಮ್ಮ ಊರಿನ ಅಕ್ಷಾಂಶ ಕಳೆದರೆ ಡಿಸೆಂಬರ್ 21ರ ನಡುಹಗಲಿನ ಸೂರ್ಯನ ಎತ್ತರ ಸಿಗುತ್ತದೆ. ತೀರ್ಥಹಳ್ಳಿಗೆ ಸುಮಾರು 53 ಡಿಗ್ರಿ, ಬೀದರಿಗೆ 49ರ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ತೀರ್ಥಹಳ್ಳಿಯಲ್ಲಿ ನಡುಹಗಲ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಹೊರದೇಶದ ಪುಸ್ತಕಗಳಿಂದ ‘ಉತ್ತರಕ್ಕೆ ನೇರ ಬಿಸಿಲಿಲ್ಲ’ ಎಂದು ನಕಲು ಮಾಡಿದವರು ಮೇ ತಿಂಗಳಲ್ಲಿ ಸಿಕ್ಕಿಬೀಳುತ್ತಾರೆ. ಪಶ್ಚಿಮದ ತುದಿಗೆ ಸಂಜೆ ಬಿಸಿಲೂ ಮುಂಗಾರಿನ ಹೊಡೆತವೂ ಎರಡೂ ಬರುವುದರಿಂದ ಶೌಚಾಲಯ, ಉಗ್ರಾಣ ಅಲ್ಲಿರಲಿ.

6. ಬಟರ್ ಪೇಪರ್ ಮತ್ತು ಮದುವೆ ಕರೆಯೋಲೆ

ಈಗ ಪ್ಲ್ಯಾನ್. ಕೆಳಗಿನ ಗೆರೆ ಕಾಣುವಂಥ ತೆಳು ಹಾಳೆಯಾದ ಬಟರ್ ಪೇಪರನ್ನು ಸುರುಳಿಯಲ್ಲೇ ಕೊಂಡುಕೊಳ್ಳಿ. ಒಂದರ ಮೇಲೊಂದು ಹಾಸಿ ಬರೆಯಿರಿ, ಪ್ರತಿಯೊಂದರ ಮೂಲೆಯಲ್ಲಿ ತಾರೀಖು ಹಾಕಿ, ಒಂದನ್ನೂ ಎಸೆಯಬೇಡಿ. ಎಂಟನೇ ದಿನ ಕೆಟ್ಟದಾಗಿ ಕಂಡದ್ದು ಇಪ್ಪತ್ತನೇ ದಿನ ಉತ್ತರವಾಗುವುದುಂಟು. ಒಂದೇ ಪ್ಲ್ಯಾನ್ ಬರೆದು ಅದನ್ನು ಪ್ರೀತಿಸತೊಡಗುವುದು ಎಲ್ಲರಿಗೂ ಇರುವ ಕಾಯಿಲೆ. ಮದ್ದು ಒಂದೇ. ನಿಜಕ್ಕೂ ಬೇರೆಬೇರೆಯಾದ ಮೂರು ಪ್ಲ್ಯಾನ್ ಮಾಡಿ: ಬಾಗಿಲು ನಡುವೆ, ಬಾಗಿಲು ತುದಿಯಲ್ಲಿ, ಎರಡು ತುಂಡಾಗಿ ನಡುವೆ ಅಂಗಳ. ಮೂರನ್ನೂ ಗೋಡೆಗೆ ಅಂಟಿಸಿ, ಆರ್ಕಿಟೆಕ್ಚರ್ ಗೊತ್ತಿಲ್ಲದ ಯಾರನ್ನಾದರೂ ಕರೆದು “ಇದರಲ್ಲಿ ನಡೆದುಕೊಂಡು ಹೋಗಿ” ಎನ್ನಿ. ನನ್ನ ಅಮ್ಮ ಒಮ್ಮೆ ನನ್ನ ಪ್ಲ್ಯಾನಿನ ಮೇಲೆ ಬೆರಳಾಡಿಸಿ, “ಕಸ ಗುಡಿಸಿದ್ದನ್ನು ಎಲ್ಲಿಂದ ಹೊರಗೆ ಹಾಕುವುದು?” ಎಂದು ಕೇಳಿದ್ದರು. ಅಂಥ ಪ್ರಶ್ನೆ ನನಗೆ ಎಷ್ಟೋ ಜ್ಯೂರಿಗಳಲ್ಲಿ ಸಿಕ್ಕಿಲ್ಲ.

ಅಭ್ಯಾಸದ ಮಾಡೆಲ್‌ಗಳಿಗೆ ದುಬಾರಿ ಬೋರ್ಡ್ ಬೇಡ. ಮನೆಯಲ್ಲಿ ಬಿದ್ದಿರುವ ಮದುವೆ ಕರೆಯೋಲೆಗಳು 1:100 ಅಳತೆಗೆ ಹೇಳಿ ಮಾಡಿಸಿದಂಥವು. ದಪ್ಪ ಸರಿ, ಕಟರ್‌ಗೆ ಸುಲಭವಾಗಿ ಸಿಗುತ್ತವೆ, ಹಾಳಾದರೆ ಹೊಟ್ಟೆ ಉರಿಯುವುದಿಲ್ಲ. ಬೆಲೆಬಾಳುವ ಬೋರ್ಡಿನಲ್ಲಿ ಮಾಡಿದ ಮಾಡೆಲನ್ನು ಮುರಿಯಲು ಮನಸ್ಸು ಬರುವುದಿಲ್ಲ; ಮುರಿಯದ ಮಾಡೆಲಿನಿಂದ ವಿನ್ಯಾಸ ಮುಂದೆ ಹೋಗುವುದಿಲ್ಲ. ಚಾವಣಿಯನ್ನು ಅಂಟಿಸದೆ ಬಿಡಿಯಾಗಿಡಿ. ತಾರಸಿಗೆ ಒಯ್ದು, ಬೆಳಿಗ್ಗೆ ಒಂಬತ್ತಕ್ಕೂ ಸಂಜೆ ನಾಲ್ಕಕ್ಕೂ ಬಿಸಿಲಿನಲ್ಲಿಟ್ಟು, ಮೊಬೈಲ್ ಕ್ಯಾಮೆರಾವನ್ನು ಬಾಗಿಲಿನ ಹತ್ತಿರ ಹಿಡಿದು ಒಳಗೆ ನೋಡಿ. ಒಂದು ಮುಚ್ಚಳ ನೀರನ್ನೂ ಸುರಿದು ನೋಡಿ, ಬೇರೆಯವರು ಸುರಿಯುವ ಮೊದಲೇ.

ಕಂಪ್ಯೂಟರಿಗೆ ಹೋಗುವುದು ಐದನೇ ವಾರದಲ್ಲಿ. ಅಲ್ಲಿಯವರೆಗೆ ಬೇಡ ಎನ್ನಲು ಕಾರಣ ಹಳೆಯ ಕಾಲದ ಮೋಹವಲ್ಲ. ಪರದೆಯಲ್ಲಿ ಅಳತೆಯ ಅರಿವು ತಪ್ಪುತ್ತದೆ. ಹಿಗ್ಗಿಸಿ ಹಿಗ್ಗಿಸಿ ಬಾಗಿಲಿನ ಹಿಡಿಯನ್ನು ತಿದ್ದುತ್ತಿರುವಾಗ ಪಡಸಾಲೆಯಲ್ಲಿ ಮೇಜು ಹಿಡಿಸುವುದಿಲ್ಲ ಎಂಬುದು ಕಾಣುವುದೇ ಇಲ್ಲ.

7. ಒಂದು ವಿವರವನ್ನು ಕಟ್ಟುವ ಮಟ್ಟಕ್ಕೆ ತನ್ನಿ

ಇಡೀ ಕಟ್ಟಡದ ವಿವರ ಬೇಡ, ಒಂದು ಸಾಕು, 1:10ರಲ್ಲಿ. ಇಲ್ಲಿ ಅದು ಸೂರು: ಜಂಬಿಟ್ಟಿಗೆ ಗೋಡೆ, ಅದರ ಮೇಲೆ ತೊಲೆ, ಇಳಿಜಾರಾಗಿ ನಿಲ್ಲುವ ಪಕಾಸಿ, ಅದಕ್ಕೆ ಅಡ್ಡಲಾಗಿ ಹೊಡೆಯುವ ರೀಪು, ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚಿನ ಬೆನ್ನಲ್ಲಿರುವ ಗುಬುಟು ರೀಪಿಗೆ ಹೇಗೆ ಕಚ್ಚಿಕೊಳ್ಳುತ್ತದೆ ಎಂಬುದನ್ನು ಒಂದು ಹೆಂಚು ಕೈಯಲ್ಲಿ ಹಿಡಿದು ನೋಡಿ ಬರೆಯಿರಿ. ನೀರಿನ ಲೆಕ್ಕವೂ ಇಲ್ಲೇ ಆಗಬೇಕು. ಒಂದು ದಿನ 100 ಮಿ.ಮೀ. ಮಳೆಯಾದರೆ 150 ಚದರ ಮೀಟರ್ ಮೇಲೆ ಬೀಳುವುದು 15,000 ಲೀಟರ್, ಚಾಚಿದ ಸೂರು ಸೇರಿದರೆ ಇನ್ನೂ ಹೆಚ್ಚು. ಅದು ಸೂರಿನಿಂದ ಬಿದ್ದು ಎಲ್ಲಿಗೆ ಹೋಗುತ್ತದೆ? ಅಜ್ಜಿ ಹೇಳಿದ ಒರತೆಯ ಮೂಲೆಗೆ ಕಾಲುವೆ ತೋಡಿ, ಅಲ್ಲೊಂದು ಹೊಂಡ ಮಾಡಿ. ಕಟ್ಟಬಾರದ ಜಾಗಕ್ಕೆ ಕೆಲಸ ಸಿಕ್ಕಿತು.

8. ಜ್ಯೂರಿ

ಹಿಂದಿನ ರಾತ್ರಿ ನಿದ್ದೆ ಮಾಡಿ. ದೊಡ್ಡ ಹಾಳೆಗಳನ್ನು ಮುದ್ರಿಸಿಕೊಡುವ ಪ್ಲಾಟ್ ಅಂಗಡಿಗೆ ಎರಡು ದಿನ ಮೊದಲೇ ಹೋಗಿ. ಕೊನೆಯ ದಿನ ಅಲ್ಲಿ ಇಡೀ ತರಗತಿ ಸಾಲು ನಿಂತಿರುತ್ತದೆ, ಯಂತ್ರಕ್ಕೂ ಅದೇ ದಿನ ಕೆಡುವ ಚಾಳಿ. ಎ1 ಹಾಳೆಗಳಲ್ಲಿ ಮೊದಲನೆಯದರಲ್ಲೇ ದೊಡ್ಡದಾಗಿ ಸೆಕ್ಷನ್ ಇರಲಿ, ಅದರಲ್ಲಿ ಮಳೆಯ ಗೆರೆ, ಕಟ್ಟೆಯ ಮೇಲೆ ಕೂತ ಮನುಷ್ಯ, ಗೂಟಕ್ಕೆ ನೇತುಹಾಕಿದ ಕೊಡೆ.

ಮಾತಾಡುವಾಗ ನಿಮಗೆ ಗೊತ್ತಿರುವ ಪದ ಬಳಸಿ. ಜಗಲಿಯನ್ನು ಜಗಲಿ ಎನ್ನಿ. ‘ಅರೆತೆರೆದ ಸಂಕ್ರಮಣ ಅವಕಾಶ’ ಎಂದರೆ ಯಾರಿಗೂ ಕಣ್ಣ ಮುಂದೆ ಏನೂ ಬರುವುದಿಲ್ಲ. ಜಗಲಿ ಎಂದರೆ ಎತ್ತರ, ನೆರಳು, ಕೂರುವ ಭಂಗಿ ಎಲ್ಲವೂ ಬರುತ್ತದೆ. ಕಾನ್ಸೆಪ್ಟ್ ಏನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಹೊತ್ತಿಗೆ ಉತ್ತರ ತಾನಾಗಿಯೇ ಸಿದ್ಧವಾಗಿರುತ್ತದೆ: “ಊರಿಗೆ ಒಂದು ಜಗಲಿ, ಅದರ ಹಿಂದೆ ಪುಸ್ತಕಕ್ಕೆ ಒಣಗಿದ ಕೋಣೆ.” ನಾನು ಎರಡು ವಾರ ಹುಡುಕಿದ್ದಕ್ಕಿಂತ ಇದು ಚಿಕ್ಕದು, ಆದರೆ ಸೋರುವುದಿಲ್ಲ.

ಟೀಕೆಗೆ ಅಲ್ಲೇ ವಾದಕ್ಕಿಳಿಯಬೇಡಿ, ಗೆಳೆಯರೊಬ್ಬರಿಗೆ ಬರೆದುಕೊಳ್ಳಲು ಹೇಳಿ. ನಿಂತು ಮಾತಾಡುವವರಿಗೆ ಅರ್ಧ ಕೇಳಿಸಿರುವುದಿಲ್ಲ. ಅದೇ ಸಂಜೆ ಆ ಟೀಕೆಗಳನ್ನು ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಇಳಿಸಿ. ಪೋರ್ಟ್‌ಫೋಲಿಯೊ ಮಾಡುವಾಗ ಚೆಂದದ ಚಿತ್ರಗಳ ಪಕ್ಕದಲ್ಲಿ ತಾರೀಖು ಹಾಕಿದ ಒಂದೆರಡು ಬಟರ್ ಪೇಪರ್ ಇಟ್ಟರೆ, ಕೆಲಸ ಕೊಡುವವರು ಹೆಚ್ಚು ಹೊತ್ತು ನೋಡುವುದು ಅವುಗಳನ್ನೇ. ಹಾಳೆಗಳನ್ನು ಸುತ್ತಿ ಪಿವಿಸಿ ಪೈಪಿನಲ್ಲಿಡಿ, ಎರಡು ನುಸಿಗುಳಿಗೆ ಹಾಕಿ. ತೆರೆದ ಪುಸ್ತಕದ ನನ್ನ ಹಾಳೆಗಳು ಹಾಗೆಯೇ ಉಳಿದಿವೆ. ಮಾಡೆಲ್ ಮಾತ್ರ ಆ ಮಳೆಗಾಲವನ್ನೂ ದಾಟಲಿಲ್ಲ.